ಕಣಗಿಲೆ ಬುಡದ ಗುಂಡಿಗಳು

ಮೊದಲ ಗುಂಡಿ ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಗಿಡಗಳಿಗೆ ನೀರು ಹಾಕಲೆಂದು ಬಕೆಟ್ಟು ಹಿಡಿದು ಹಿತ್ತಲಿಗೆ ಬಂದ ಜಗದಾಂಬ, ಕೆಂಪು ಕಣಗಿಲೆಯ ಬುಡದಲ್ಲಿ ಮಣ್ಣು ಕೆದರಿರುವುದನ್ನು ನೋಡಿ ಬಕೆಟ್ಟನ್ನು ಅಲ್ಲೇ ಇಳಿಸಿದಳು. ಬಗ್ಗಿ ಗೇಣು ಹಾಕಿದಳು. ಅಗಲ ಒಂದು ಗೇಣು, ಆಳ ಅಂಗೈ ಮುಳುಗುವಷ್ಟು. ಬೇರು ಹರಿದಿರಲಿಲ್ಲ, ಹೂವು ಉದುರಿರಲಿಲ್ಲ. ಯಾರೋ ಏನನ್ನೋ ಹುಡುಕಿಕೊಂಡು ಬಂದು, ಸಿಕ್ಕಿತೋ ಇಲ್ಲವೋ, ಎದ್ದು ಹೋದ ಹಾಗಿತ್ತು.

ಮಧುಗಿರಿಯಲ್ಲಿ ಬೆಟ್ಟದ ಕಡೆಗಿನ ಬೀದಿಯ ಕೊನೆಯ ಮನೆ ಅವರದು. ಹಿತ್ತಲ ಗೋಡೆಯ ಆಚೆ ಬಂಡೆ, ಕಳ್ಳಿ, ಮುಳ್ಳುಪೊದೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು. ಈಚೆ ಎರಡು ಕಣಗಿಲೆ, ಮೂರು ನಂದಿಬಟ್ಟಲು, ಒಂದು ದಾಸವಾಳ, ಒಂದು ಪತ್ರೆ ಗಿಡ. ಅವೆಲ್ಲ ಜಗದಾಂಬಳ ಗಂಡ ನಂದೀಶ್ವರಯ್ಯನವರ ಪೂಜೆಗೆ. ಮೇಷ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ಬೆಳಗಿನ ಒಂದು ಗಂಟೆಯೆಂದರೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುವ ಹೊತ್ತು. ಪೇಟೆಯ ಹೂವನ್ನು ಅವರು ಮುಟ್ಟುತ್ತಿರಲಿಲ್ಲ. "ಯಾವ ಕೈ ಕಿತ್ತಿದೆಯೋ, ಯಾವ ನೀರು ಕುಡಿದು ಬೆಳೆದಿದೆಯೋ" ಎನ್ನುವರು. ಹಾಗಾಗಿ ಹಿತ್ತಲ ಹೂವಿನ ಉಸ್ತುವಾರಿ ಪೂರ್ತಿ ಹೆಂಡತಿಯದು.

ಈ ವರ್ಷ ಯುಗಾದಿ ಕಳೆದಲ್ಲಿಂದ ಆ ಗಿಡಗಳು ಹುಚ್ಚು ಹಿಡಿದ ಹಾಗೆ ಹೂ ಬಿಡುತ್ತಿದ್ದವು. ಬೀದಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, "ಏನ್ ಹಾಕ್ತೀರಿ ಜಗದಾಂಬಮ್ಮ?" ಎಂದರೆ ಅವಳು, "ಏನಿಲ್ಲಮ್ಮ, ಕೈಗುಣ" ಎಂದು ನಕ್ಕು ಒಳಗೆ ಹೋಗುವಳು. ಕೊರಟಗೆರೆ ದಾರಿಯ ನರ್ಸರಿಯೊಂದರಲ್ಲಿ ಬಿಡಿಯಾಗಿ ತೂಗಿಸಿ ತಂದ ಬಿಳಿ ಗೊಬ್ಬರದ ವಿಷಯ ಗಂಡನಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಅಕ್ಕಿ ಡಬ್ಬದ ಹಿಂದೆ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಅದನ್ನು ತುಂಬಿಟ್ಟು, ಹದಿನೈದು ದಿನಕ್ಕೊಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಬುಡಕ್ಕೆ ಸುರಿದು ಮಣ್ಣು ಮುಚ್ಚುತ್ತಿದ್ದಳು. ಹೊಗಳಿಕೆ ಯಾರಿಗೆ ತಾನೇ ಬೇಡ?

ಗುರುವಾರ ನಂದಿಬಟ್ಟಲ ಬುಡದಲ್ಲಿ ಇನ್ನೊಂದು ಗುಂಡಿ. ಶನಿವಾರ ಒಟ್ಟಿಗೇ ಎರಡು.

ಜಗದಾಂಬ ಅವಸರದ ಹೆಂಗಸಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಒಂದೊಂದೇ ಪ್ರಾಣಿಯನ್ನು ಹೆಕ್ಕಿ ಪಕ್ಕಕ್ಕೆ ಹಾಕಿದಳು. ಹೆಗ್ಗಣವಾದರೆ ಸುರಂಗ ಕೊರೆದು ಬಾಯಲ್ಲಿ ಮಣ್ಣಿನ ಗುಡ್ಡೆ ಹಾಕುತ್ತದೆ, ಇಲ್ಲಿ ಸುರಂಗವಿಲ್ಲ. ಮುಂಗುಸಿ ಹುಳು ಹುಡುಕಿ ಕೆರೆಯುವುದು ಎರಡು ಬೆರಳಿನಷ್ಟು. ಇದು ಅದಕ್ಕಿಂತ ದೊಡ್ಡದು. ಹಂದಿ ಬಂದಿದ್ದರೆ ಹಿತ್ತಲನ್ನೇ ಉತ್ತು ಹೋಗಿರುತ್ತಿತ್ತು. ಬೆಟ್ಟದ ಕರಡಿ ಹುತ್ತ ಒಡೆಯುವುದುಂಟು, ಆದರೆ ಆಳೆತ್ತರದ ಗೋಡೆ ಹತ್ತಿ ಕಣಗಿಲೆ ಬುಡ ಕೆದಕಲು ಅದಕ್ಕೇನು ಬಂದಿದೆ? ಗೋಡೆಯ ಮೂಲೆಯಲ್ಲಿ ಬಚ್ಚಲ ನೀರು ಹೋಗಲು ಬಿಟ್ಟ ಕಂಡಿ ಒಂದಿದೆ. ಅದರಲ್ಲಿ ಕರಡಿ ನುಸುಳದು, ನಾಯಿ ನುಸುಳಬಹುದು. ನುಸುಳುವ ಕಷ್ಟವೇ ಬೇಡದ ನಾಯಿ ಒಳಗೇ ಒಂದಿತ್ತು.

ಅದು ಓಬಳಮ್ಮನ ನಾಯಿ, ಟೈಗರ್. ಹೆಸರಷ್ಟೇ ಹುಲಿಯದು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಹಿಂಗಾಲು ಎಳೆಯುತ್ತಿತ್ತು.

ಓಬಳಮ್ಮ ಬರಗೂರಿನವಳು. ಗಂಡ ತೀರಿಕೊಂಡ ಮೇಲೆ ಮಧುಗಿರಿಯ ಹುಡುಗರ ಹಾಸ್ಟೆಲ್ಲೊಂದಕ್ಕೆ ಅಡುಗೆಯವಳಾಗಿ ಬಂದು, ಹಿತ್ತಲ ಮೂಲೆಯ ಒಂಟಿ ಕೋಣೆಗೆ ಬಾಡಿಗೆಗೆ ಸೇರಿ ಹತ್ತು ವರ್ಷವಾಗಿತ್ತು. ಬಂದ ದಿನವೇ ಜಗದಾಂಬ ಒಂದೇ ಷರತ್ತು ಹಾಕಿದ್ದಳು: ಈ ಕಾಂಪೌಂಡಿನ ಒಳಗೆ ಮಾಂಸ, ಮೊಟ್ಟೆ ಬೇಯಬಾರದು, ಬರಬಾರದು. ಓಬಳಮ್ಮ "ಆಯ್ತು ಬುಡಿ ಅಮ್ನೋರೇ" ಎಂದಿದ್ದಳು. ನಾಲ್ಕು ವರ್ಷದ ಹಿಂದೆ ಜಗದಾಂಬ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಮೂರು ತಿಂಗಳು ಅವಳನ್ನು ಮಗುವಿನ ಹಾಗೆ ಎತ್ತಿ ಕೂರಿಸಿ, ಮೈ ತೊಳೆದು, ತಲೆ ಬಾಚಿದ್ದೂ ಈ ಓಬಳಮ್ಮನೇ. ಆಗಿನಿಂದ ಸಂಜೆ ಬಾವಿಕಟ್ಟೆಯ ಮೇಲೆ ಇಬ್ಬರೂ ಕೂತು ಮಾತಾಡದೆ ಜಗದಾಂಬಳಿಗೆ ಊಟ ಇಳಿಯುತ್ತಿರಲಿಲ್ಲ.

ಆದರೆ ಮಗ ಗೌರೀಶನಿಗೆ ಆ ಕೋಣೆ ಬೇಕಾಗಿತ್ತು. ಅವನು ಕೋರ್ಟಿನ ಬಳಿ ವಕೀಲರೊಬ್ಬರಲ್ಲಿ ಗುಮಾಸ್ತ. ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿ ಭುವನಾ ಮಗು ಎತ್ತಿಕೊಂಡು ಬರುವ ಹೊತ್ತಿಗೆ ಒಂದು ಕಾರು ಕೊಂಡು, ಕೋಣೆ ಒಡೆದು ಶೆಡ್ಡು ಹಾಕಬೇಕೆಂದು ಅವನ ಲೆಕ್ಕಾಚಾರ. ಓಬಳಮ್ಮನನ್ನು ಎಬ್ಬಿಸಲು ಅವನಿಗೊಂದು ನೆಪ ಬೇಕಿತ್ತು, ಅಷ್ಟೇ.

"ಅಮ್ಮಾ, ಇದಕ್ಕೆ ಇಷ್ಟೊಂದು ವಿಚಾರಣೆ ಯಾಕೆ?" ಎಂದ, ಗುಂಡಿಯನ್ನು ಚಪ್ಪಲಿಯ ತುದಿಯಿಂದ ತೋರಿಸಿ. "ಕಾಂಪೌಂಡಲ್ಲಿರೋದು ಒಂದೇ ನಾಯಿ. ಇನ್ಯಾವ ಸಾಕ್ಷಿ ಬೇಕು ನಿನಗೆ?"

"ನೋಡ್ದೆ ಹೇಳಬಾರದು ಕಣಪ್ಪ."

"ನಮ್ಮ ಸಾಹೇಬ್ರು ನೋಡದೇನೇ ಎಷ್ಟು ಕೇಸು ಗೆದ್ದಿಲ್ಲ!"

ಬಟ್ಟೆ ಒಣಹಾಕುತ್ತಿದ್ದ ಓಬಳಮ್ಮ ಅಲ್ಲಿಂದಲೇ ಕೂಗಿದಳು. "ನನ್ ಟೈಗರ್‌ಗೆ ವಯಸ್ಸಾಗೈತೆ ಕಣಪ್ಪಾ. ನೆಳ್ಳಿಂದ ಬಿಸ್ಲಿಗೆ ಬರಾಕೇ ಅದು ನಾಕ್ ಸಲ ಯೋಚ್ನೆ ಮಾಡ್ತದೆ. ಗುಂಡಿ ಬ್ಯಾರೆ ತೋಡ್ತದಾ? ತೋಡಂಗಿದ್ರೆ ನಿಂಗೊಂದು ಬೋರ್‌ವೆಲ್ಲೇ ಕೊರ್ಸಿ ಕೊಡ್ತಿದ್ದೆ!"

ಜಗದಾಂಬ ನಗಲಿಲ್ಲ. ಆ ಸಂಜೆ ಬಚ್ಚಲೊಲೆಯ ಬೂದಿಯನ್ನು ರಾಗಿ ಹಿಟ್ಟಿನ ಜರಡಿಯಲ್ಲಿ ಸಾಣಿಸಿ, ಗಿಡಗಳ ಸುತ್ತ ತೆಳ್ಳಗೆ, ಒಂದು ಗೆರೆಯೂ ಏಳದಂತೆ ಹರಡಿದಳು. ರಂಗೋಲಿ ಹಾಕಿ ಪಳಗಿದ ಕೈ. ಯಾರು ಬಂದರೂ ಹೆಜ್ಜೆ ಬಿಟ್ಟು ಹೋಗಲೇಬೇಕು.

ಬೆಳಿಗ್ಗೆ ನೋಡಿದರೆ ಬೂದಿಯ ತುಂಬ ನಾಯಿಯ ಹೆಜ್ಜೆ. ಹಿಂಗಾಲು ಎಳೆದ ಗೀಟು ಸಮೇತ. ದಾಸವಾಳದ ಬುಡದಲ್ಲಿ ಹೊಸ ಗುಂಡಿ, ಟೈಗರಿನ ಮೂಗಿನ ಮೇಲೆ ಕೆಮ್ಮಣ್ಣು.

ಗೌರೀಶ ಮೊಬೈಲಿನಲ್ಲಿ ಹತ್ತು ಫೋಟೊ ತೆಗೆದ. "ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿಸು ಅಮ್ಮ" ಎಂದ. ಜಗದಾಂಬ ಓಬಳಮ್ಮನ ಕೋಣೆಯ ಕಡೆ ನೋಡಿದಳು. "ಒಂದು ವಾರ ತಡಿ. ನಾಯಿ ಕಟ್ಟಿಹಾಕಲಿ. ಆಮೇಲೂ ಗುಂಡಿ ಬಿದ್ರೆ ನೀನು ಹೇಳಿದ ಹಾಗೆ" ಎಂದಳು.

ಓಬಳಮ್ಮ ಟೈಗರಿಗೆ ಸರಪಳಿ ಹಾಕಿದಳು. ಜಗದಾಂಬ ಅಷ್ಟಕ್ಕೇ ಬಿಡಲಿಲ್ಲ. ಓಬಳಮ್ಮ ಹಾಸ್ಟೆಲ್ಲಿಗೆ ಹೋದಾಗ, ಸರಪಳಿಯ ಕೊಂಡಿಗೆ ಬಿಳಿ ಹೊಲಿಗೆ ದಾರ ಸುತ್ತಿ, ತನಗೆ ಮಾತ್ರ ಗೊತ್ತಿರುವ ಒಂದು ಗಂಟು ಹಾಕಿದಳು. ಬಿಚ್ಚಿದರೆ ಗೊತ್ತಾಗಲಿ ಎಂದು. ಗಂಟು ಹಾಕುವಾಗ ಟೈಗರ್ ಅವಳ ಮೊಣಕೈ ನೆಕ್ಕಿತು; ಅವಳು ಕೈ ಹಿಂದಕ್ಕೆಳೆದುಕೊಂಡಳು.

ಮರುದಿನ ಗಂಟು ಹಾಗೇ ಇತ್ತು. ಗುಂಡಿಯೂ ಬಿದ್ದಿತ್ತು.

ಬೂದಿಯನ್ನು ನೋಡಿ ಅವಳ ಅನುಮಾನ ಇಳಿಯುವುದಿರಲಿ, ಇಮ್ಮಡಿಯಾಯಿತು. ನೆಟ್ಟಗೆ ಒಂದು ಹೆಜ್ಜೆಯೂ ಮೂಡಿರಲಿಲ್ಲ. ಬಚ್ಚಲ ಕಂಡಿಯಿಂದ ಕಣಗಿಲೆಯವರೆಗೆ ಉದ್ದಕ್ಕೂ ಗೀರು, ಗೀರು, ಗೀರು. ಯಾರೋ ಕಡ್ಡಿಪೊರಕೆ ಎಳೆದುಕೊಂಡು ಹೋದ ಹಾಗೆ. ನಾಯಿಗೆ ಪೊರಕೆ ಹಿಡಿಯಲು ಬರುತ್ತದೆಯೇ? ನಾಯಿಯನ್ನು ಬಿಟ್ಟವಳು, ಹೆಜ್ಜೆಯ ಮೇಲೆ ಪೊರಕೆ ಆಡಿಸಿ ಅಳಿಸಿದ್ದಾಳೆ. ದಾರದ ಗಂಟು ಕಂಡು, ನೋಡಿ ಕಲಿತು ಹಾಗೆಯೇ ಮತ್ತೆ ಹಾಕಿದ್ದಾಳೆ. ಸಾವಿರ ಹುಡುಗರಿಗೆ ಅನ್ನ ಬೇಯಿಸಿದ ಕೈ, ಒಂದು ಗಂಟು ಕಲಿಯದೆ?

ಹೀಗೆ ಯೋಚಿಸಿದ ಮೇಲೆ ಜಗದಾಂಬಳಿಗೆ ಎಲ್ಲವೂ ಅನುಮಾನದ್ದಾಗಿಯೇ ಕಾಣತೊಡಗಿತು. ಓಬಳಮ್ಮ ಹಾಸ್ಟೆಲ್ಲಿಂದ ತರುವ ಸ್ಟೀಲ್ ಡಬ್ಬಿ. ಅದರಲ್ಲೇನಿದೆ ಎಂದು ಹತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಗೇಟು ದಾಟಿದ ಕೂಡಲೇ ಬಚ್ಚಲಿಗೆ ಹೋಗಿ ಕೈಕಾಲು ತೊಳೆಯುವುದು ಯಾಕೆ? ಟೈಗರಿಗೆ ಅನ್ನ ಹಾಕುವಾಗ ಬೆನ್ನು ತಿರುಗಿಸಿ ಕೂರುವುದು ಯಾಕೆ? ಸಂಜೆ ಬಾವಿಕಟ್ಟೆಗೆ ಬಂದ ಓಬಳಮ್ಮ, "ಯಾಕಮ್ನೋರೇ, ಬಾಯಿಗೆ ಹೊಲಿಗೆ ಹಾಕ್ಕಂಡ್ ಕುಂತಿದೀರಾ?" ಎಂದರೆ, "ತಲೆನೋವು" ಎಂದು ಎದ್ದು ಹೋದಳು.

ಭಾನುವಾರ ಓಬಳಮ್ಮನ ತಮ್ಮ ಕದರಪ್ಪ ಬಂದ. ಪಾವಗಡದ ಕಡೆ ರಾಯಚರ್ಲಿನವನು. ಚಿಕ್ಕಂದಿನಲ್ಲೇ ಅಲ್ಲಿ ಸೋದರಮಾವನ ಮನೆಗೆ ಸೇರಿ, ಅವರ ಮಗಳನ್ನೇ ಮದುವೆಯಾಗಿ, ಅರ್ಧ ತೆಲುಗಿನವನಾಗಿದ್ದ. ಮೂವತ್ತು ವರ್ಷ ಕುರಿ ಕಾದ ಬಯಲಿನಲ್ಲಿ ಈಗ ಸೋಲಾರ್ ಫಲಕಗಳು ನಿಂತಿವೆ. ಅವುಗಳ ನಡುವೆ ಹುಲ್ಲು ಕೊಯ್ಯುವ ಕೆಲಸ ಅವನದು. ಅಕ್ಕ ಫೋನಿನಲ್ಲಿ ಅತ್ತದ್ದನ್ನು ಕೇಳಿ ಬೆಳಗಿನ ಬಸ್ಸು ಹತ್ತಿದ್ದ. ಬಂದವನು ನೀರನ್ನೂ ಕುಡಿಯದೆ ಹಿತ್ತಲಿಗೆ ಹೋಗಿ, ಪಂಚೆ ಎತ್ತಿಕಟ್ಟಿ, ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಜಗದಾಂಬ ಗೌರೀಶನ ಜೊತೆ ಬಾಗಿಲಲ್ಲಿ ನಿಂತಳು. ಬೂದಿಯ ಗೀರುಗಳನ್ನು ನೋಡಿ ಕದರಪ್ಪ ಕಿಸಕ್ಕನೆ ನಕ್ಕ.

"ಚೂಡಂಡಮ್ಮಾ, ನೋಡಿ, ಇದು ಪೊರಕೆ ಅಲ್ಲ. ಏದುಪಂದಿ! ಅದೇ, ನೀವು ಮುಳ್ಳಂದಿ ಅಂತೀರಲ್ಲ, ಅದು. ಹಿಂದೆ ಮುಳ್ಳು ನೆಲಕ್ಕೆ ತಾಗ್ಸಿ ಎಳ್ಕಂಡು ಹೋಗ್ತದೆ. ಅದ್ರ ಹೆಜ್ಜೆ ಅದೇ ಅಳಿಸ್ಕಂಡು ಹೋಗ್ತದೆ, ದೊಂಗ, ಕಳ್ಳ ಮುಂಡೇದು!"

ಕಂಡಿಯ ಕಲ್ಲಿನ ಸಂದಿಯಲ್ಲಿ ಬೆರಳು ಆಡಿಸಿ, ಕಪ್ಪು ಬಿಳುಪಿನ ಒಂದು ಮುರಿದ ಮುಳ್ಳು ತೆಗೆದು ಹಿಡಿದ. ಗೌರೀಶ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

ಓಬಳಮ್ಮನ ಮುಖ ಅರಳಿತು. "ಕಂಡ್ರಾ ಅಮ್ನೋರೇ? ನನ್ ಟೈಗರ್‌ನ ಜೈಲಿಗೆ ಹಾಕಿಸಿದ್ರಲ್ಲ! ಈಗ ಯಾರ್ ಕೊಡ್ತೀರಾ ಅದಕ್ಕೆ ಪರಿಹಾರ?"

ಜಗದಾಂಬ ಕೂಡ ಉಸಿರು ಬಿಟ್ಟು ನಗುವುದರಲ್ಲಿದ್ದಳು. ಅಷ್ಟರಲ್ಲಿ ಕದರಪ್ಪ ಒಂದು ಹಿಡಿ ಮಣ್ಣು ಎತ್ತಿ ಮೂಸಿದ. ಹುಬ್ಬು ಗಂಟಾಯಿತು.

"ಆದ್ರೆ ಒಂದು ಮಾತು. ಏದುಪಂದಿ ಬಂದ್ರೆ ಬೇರು, ಗಡ್ಡೆ ತಿಂತದೆ. ಇದು ಬೇರು ಮುಟ್ಟೇ ಇಲ್ಲ. ಬರೀ ಮಣ್ಣು ಕೆದಕಿ ನೆಕ್ಕಿದೆ." ಮತ್ತೆ ಮೂಸಿದ. "ಇದಕ್ಕೆ ಮೂಳೆ ಅಂದ್ರೆ ಪ್ರಾಣ. ಗುಡ್ಡದಲ್ಲಿ ಅದ್ರ ಬಿಲದ ಮುಂದೆ ನೋಡ್ಬೇಕು, ಸತ್ತ ದನದ ಮೂಳೆ ಎಲ್ಲಾ ಎಳ್ಕಂಬಂದು ಹಲ್ಲು ಮಸ್ಕಂತಾ ಕೂತಿರ್ತದೆ. ನಾಯೀನೂ ಅದೇ ವಾಸ್ನೆಗೇ ಕೆದಕಿರೋದು. ಇಲ್ಲಿ ಯಾರೋ ಮೂಳೆ ಹೂತವ್ರೆ ನೋಡಿ."

ಪಾಪ, ಅವನಿಗೆ ಆ ಮನೆಯ ಷರತ್ತಿನ ನೆನಪಿರಲಿಲ್ಲ. ಅರಳಿದ್ದ ಓಬಳಮ್ಮನ ಮುಖ ಅಲ್ಲೇ ಬಾಡಿತು. ಜಗದಾಂಬ ನಿಧಾನವಾಗಿ ತಿರುಗಿ ಕೋಣೆಯ ಕಿಟಕಿಯಲ್ಲಿ ಮಗುಚಿ ಒಣಗಲು ಇಟ್ಟಿದ್ದ ಸ್ಟೀಲ್ ಡಬ್ಬಿಯನ್ನು ನೋಡಿದಳು. ಎಲ್ಲರೂ ಅದನ್ನೇ ನೋಡಿದರು.

"ಹಾಸ್ಟೆಲ್ಲಲ್ಲಿ ವಾರಕ್ಕೊಂದು ದಿನ ಕೋಳಿ ಮಾಡ್ತೀಯ ಅಲ್ಲವಾ ಓಬಳಮ್ಮ?" ಎಂದಳು.

"ಮಾಡ್ತೀನಿ."

"ಮೂಳೆ ಏನು ಮಾಡ್ತೀರಿ ಅಲ್ಲಿ?"

ಓಬಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನೇರ ಕೇಳಿ ಅಮ್ನೋರೇ. ಡಬ್ಬೀಲಿ ಮೂಳೆ ತಂದು ನಿಮ್ ಹಿತ್ಲಲ್ಲಿ ಹೂತ್ಯಾ ಅಂತ ಕೇಳಿ."

ಜಗದಾಂಬ ಕೇಳಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಗೌರೀಶ, "ನಮ್ಮಪ್ಪ ಇದೇ ಹೂವು ಲಿಂಗಕ್ಕೆ ಏರಿಸ್ತಾರೆ ಓಬಳಮ್ಮ. ಇದು ನಾಯಿ ವಿಷಯ ಅಲ್ಲ ಈಗ" ಎಂದ.

"ಅಲ್ಲ ಬುಡಪ್ಪ. ಇದು ನನ್ ವಿಷ್ಯ." ಓಬಳಮ್ಮನ ದನಿ ಏರಲಿಲ್ಲ, ಅದೇ ಜಗದಾಂಬಳಿಗೆ ಹೆಚ್ಚು ಕುಟುಕಿತು. "ಹತ್ತೊರ್ಷದಲ್ಲಿ ಇವ್ನು ಬಂದಾಗೆಲ್ಲ ಬರೀ ಸೊಪ್ಪು ಸಾರು ಹಾಕಿ ಕಳ್ಸಿದೀನಿ. ಒಡಹುಟ್ಟಿದ ತಮ್ಮಂಗೆ ಒಂದು ಕೋಳಿ ಕುಯ್ದು ಇಕ್ಕಿಲ್ಲ. ನೆಂಟ್ರು ಆಡ್ಕಂತಾರೆ, ಓಬಳಿ ಮನೇಗೆ ಹೋದ್ರೆ ಉಪ್ವಾಸದ ಊಟ ಅಂತ. ಆ ಮಾತನ್ನೂ ನುಂಗ್ಕಂಡೆ, ಅಮ್ನೋರಿಗೆ ಕೊಟ್ಟ ಮಾತು ಅಂತ. ಗುರ್ವಾರಕ್ಕೆ ಟೆಂಪೋ ಹೇಳ್ತೀನಿ. ತಿಂಗ್ಳ ಕೊನೆ ಗಂಟ ಕಾಯದು ಬ್ಯಾಡ."

ಕದರಪ್ಪ ಮಣ್ಣಿನ ಹಿಡಿಯನ್ನು ಇನ್ನೂ ಕೆಳಗೆ ಬಿಟ್ಟಿರಲಿಲ್ಲ. "ಅಕ್ಕಾ, ನಾನೇನೋ ಅಂದ್ಬುಟ್ಟೆ..." ಎಂದ. "ನೀನ್ ಸುಮ್ಕಿರ್ಲಾ" ಎಂದು ಅಕ್ಕ ಅವನ ತೋಳು ಹಿಡಿದು ಒಳಗೆಳೆದುಕೊಂಡಳು.

ಸೋಮವಾರ ಓಬಳಮ್ಮ ಕೆಲಸಕ್ಕೆ ಹೋದ ಮೇಲೆ ಜಗದಾಂಬ ಕೈಗುದ್ದಲಿ, ಮೊರ, ಜರಡಿ ಹಿಡಿದು ಕಣಗಿಲೆಯ ಬುಡದಲ್ಲಿ ಕೂತಳು. ಮೂಳೆ ಕೈಗೆ ಸಿಕ್ಕಲಿ. ಸಿಕ್ಕರೆ ಈ ಸಂಕಟವಾದರೂ ಮುಗಿಯುತ್ತದೆ. ಕೋಳಿಯ ಒಂದು ಕಾಲು, ಒಂದು ರೆಕ್ಕೆಯ ಚೂರು. ಅದನ್ನು ಓಬಳಮ್ಮನ ಮುಂದೆ ಹಿಡಿದು "ಇದೇನು?" ಎಂದು ಕೇಳಿದರೆ ತನ್ನ ಮೇಲೆ ತಪ್ಪೇನೂ ಉಳಿಯುವುದಿಲ್ಲ. ಒಂದು ಗಿಡವಾದ ಮೇಲೆ ಒಂದು ಗಿಡ ಅಗೆದು, ಮಣ್ಣನ್ನು ಜರಡಿಯಲ್ಲಿ ಸಾಣಿಸಿದಳು. ಬಿಸಿಲು ನೆತ್ತಿಗೇರಿತು. ಸೊಂಟ ಹಿಡಿಯಿತು. ಕಲ್ಲು ಸಿಕ್ಕಿತು, ಅಂಗಿಯ ಒಂದು ಹಳೇ ಗುಂಡಿ, ಮುರಿದ ಬಳೆ ಸಿಕ್ಕಿತು. ಮೂಳೆ ಎಂಬುದು ಒಂದೂ ಇಲ್ಲ.

ಆದರೆ ಜರಡಿಯ ತಳದಲ್ಲಿ ಪ್ರತಿ ಸಲವೂ ಬಿಳಿಯ ಸಣ್ಣ ನುಚ್ಚು ಉಳಿಯುತ್ತಿತ್ತು. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕರಗಲಿಲ್ಲ. ಸುಣ್ಣವಾಗಿದ್ದರೆ ಇಷ್ಟು ದಿನ ನೀರು ಕುಡಿದು ಕರಗಬೇಕಿತ್ತು.

ಈ ಬಿಳುಪನ್ನು ಅವಳು ತನ್ನ ಮನೆಯಲ್ಲೇ ಕಂಡಿದ್ದಳು. ಎದ್ದು, ಕೈ ತೊಳೆಯದೆ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಹಾರ್ಲಿಕ್ಸ್ ಬಾಟಲಿ ತೆಗೆದಳು. ಬಚ್ಚಲೊಲೆಯಲ್ಲಿ ಇನ್ನೂ ಕೆಂಡವಿತ್ತು. ಒಂದು ಚಿಟಿಕೆ ಹಾಕಿದಳು. ಬೂದಿಯಾಗಿದ್ದರೆ ಬೂದಿಯಲ್ಲಿ ಬೂದಿ ಬೀಳಬೇಕಿತ್ತು. ಚಿಟಿಕೆ ಕಪ್ಪಾಗಿ ಮುದುಡಿ, ಕೂದಲು ಸುಟ್ಟ ಹಾಗೆ, ಕೊಂಬು ಸುಟ್ಟ ಹಾಗೆ ಕಮಟು ವಾಸನೆ ಬಚ್ಚಲ ತುಂಬ ಹಬ್ಬಿತು.

ನರ್ಸರಿಯವನ ನಂಬರು ಕೈಚೀಲದ ಮೇಲೆ ಅಚ್ಚಾಗಿತ್ತು. ಫೋನು ಮಾಡಿದಳು.

"ಯುಗಾದಿ ಆದ್ಮೇಲೆ ಒಂದು ಬಿಳಿ ಗೊಬ್ಬರ ಕೊಟ್ಟಿದ್ರಲ್ಲಪ್ಪಾ, ಹೂವಿನ ಗಿಡಕ್ಕೆ. ಅದು ಏನದು?"

"ಮೂಳೆ ಪುಡಿ ಅಮ್ಮ. ದನದ್ದು. ಹೆಂಗಿದೆ ರಿಸಲ್ಟು? ಇನ್ನೊಂದೆರಡು ಕೆಜಿ ಎತ್ತಿಡ್ಲಾ?"

ಅವಳು ಫೋನು ಕೆಳಗಿಟ್ಟಳು. ತಂದ ದಿನ ಅದು ಹೇಗೆ ಕಂಡಿತ್ತು ಎನ್ನುವುದು ಕಣ್ಣಿಗೆ ಕಟ್ಟಿತು. ವಿಭೂತಿಯಷ್ಟೇ ಬಿಳುಪು, ನಡುನಡುವೆ ಒಂದಿಷ್ಟು ನುಚ್ಚು ಬಿಟ್ಟರೆ ವಿಭೂತಿಯಷ್ಟೇ ನುಣುಪು. ಬೂದಿ, ಸುಣ್ಣ ಬೆರೆಸಿದ್ದಿರಬೇಕು ಎಂದುಕೊಂಡು ಅವಳು ಕೇಳಿರಲೇ ಇಲ್ಲ. ಹುಟ್ಟಿದಾಗಿನಿಂದ ಬಿಳಿ ಪುಡಿ ಎಂದರೆ ಪವಿತ್ರವಾದದ್ದು ಎಂದೇ ಕಂಡ ಕಣ್ಣು. ಕೇಳಬೇಕು ಎಂದು ಹೊಳೆಯುವುದಾದರೂ ಹೇಗೆ? ಮೊದಲ ದಿನ ಗಿಡಕ್ಕೆ ಹಾಕಿದ ಮೇಲೆ ಬೆರಳಿಗೆ ಅಂಟಿದ್ದನ್ನು, ಅಭ್ಯಾಸಬಲದಿಂದ, ಹಣೆಗೆ ಮೂರು ಗೆರೆ ಎಳೆದುಕೊಂಡಿದ್ದಳು. ಅದು ನೆನಪಾಗಿ ಜಗದಾಂಬ ಬಚ್ಚಲಲ್ಲೇ ಕೂತು ಹಣೆಯನ್ನು ಸೀಗೆಪುಡಿ ಹಾಕಿ ಉಜ್ಜಿದಳು, ಚರ್ಮ ಉರಿಯುವವರೆಗೆ.

ಅವಳು ಕೆಟ್ಟವಳಲ್ಲ. ಆದರೂ ಮಂಗಳವಾರ ಅವಳು ಬಾಯಿ ಬಿಡಲಿಲ್ಲ. ಬುಧವಾರವೂ ಬಿಡಲಿಲ್ಲ. ಹೇಳುವುದು ಯಾರಿಗೆ? ಮೂರು ತಿಂಗಳು ಆ ಹೂವನ್ನು ಅಂಗೈಯ ಲಿಂಗದ ಮೇಲೆ ಇಟ್ಟು ಕಣ್ಣು ಮುಚ್ಚಿದ ಗಂಡನಿಗೆ? ಅವರು ಬೈಯುವವರಲ್ಲ, ಮಾತು ಬಿಡುವವರು. ಒಮ್ಮೆ ಪೂಜೆಯ ನೀರಿಗೆ ಎಂಜಲು ಲೋಟ ತಗುಲಿದ್ದಕ್ಕೆ ಒಂಬತ್ತು ದಿನ ಮಾತಾಡಿರಲಿಲ್ಲ. ಇದಕ್ಕೆ ಎಷ್ಟು ದಿನ? ಬೀದಿಯ ಹೆಂಗಸರ ಕಿವಿಗೆ ಬಿದ್ದರೆ? ಗುರುವಾರ ಟೆಂಪೋ ಬರುತ್ತದೆ, ಓಬಳಮ್ಮ ಹೋಗುತ್ತಾಳೆ, ಉಳಿದ ಪುಡಿಯನ್ನು ಚರಂಡಿಗೆ ಸುರಿದರಾಯಿತು. ಮಳೆ ಬಿದ್ದರೆ ಮಣ್ಣೂ ತೊಳೆದುಹೋಗುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡಳು. ಆದರೆ ಬುಧವಾರ ಬೆಳಿಗ್ಗೆ ಗಂಡ ಕಣ್ಣು ಮುಚ್ಚಿ, ಕೆಂಪು ಕಣಗಿಲೆಯನ್ನು ಎರಡು ಬೆರಳಲ್ಲಿ ಹಿಡಿದು ಲಿಂಗಕ್ಕೇರಿಸುವುದನ್ನು ಅಡುಗೆಮನೆಯ ಬಾಗಿಲಿಂದ ನೋಡಿದಾಗ, ಅವಳು ಕಾಯಿಸಿದ್ದ ಹಾಲನ್ನೇ ಮತ್ತೆ ಒಲೆಯ ಮೇಲಿಟ್ಟಳು.

ಗುರುವಾರ ಏಳೂವರೆಗೆಲ್ಲ ಲಕ್ಷ್ಮೀಪತಿಯ ಟೆಂಪೋ ಹಿಂದಿನ ಗೇಟಿಗೆ ಬಂತು. ಓಬಳಮ್ಮ ಕೋಣೆ ತೊಳೆದು, ಹೊಸ್ತಿಲಿಗೆ ಅರಿಶಿನ ಹಚ್ಚಿ, ಸಾಮಾನು ಹೊರಗಿಟ್ಟಿದ್ದಳು: ಮಂಚ, ಟ್ರಂಕು, ಗ್ಯಾಸು, ಒಲೆ, ಪಾತ್ರೆಯ ಎರಡು ಚೀಲ. ಲಕ್ಷ್ಮೀಪತಿ ಒಂದೊಂದಾಗಿ ಮೇಲೇರಿಸಿ ಹಗ್ಗ ಬಿಗಿಯುತ್ತಿದ್ದ. ಗೌರೀಶ ಕೋರ್ಟಿಗೆ ಹೊರಡುವ ಪ್ಯಾಂಟು ಶರ್ಟಿನಲ್ಲಿ ನಿಂತು, ಶೆಡ್ಡಿಗೆ ಎಷ್ಟು ಅಡಿ ಸಿಗಬಹುದೆಂದು ಕಣ್ಣಲ್ಲೇ ಅಳೆಯುತ್ತಿದ್ದ.

ಓಬಳಮ್ಮ ಬೀಗದ ಕೈ ತಂದು ಜಗದಾಂಬಳ ಕೈಗಿಟ್ಟಳು. "ಟೈಗರ್‌ನ ಬರಗೂರಲ್ಲಿ ನಮ್ಮಣ್ಣನ ಹಟ್ಟೀಲಿ ಬುಡ್ತೀನಿ. ಬಸ್‌ಸ್ಟ್ಯಾಂಡ್ ತಾವ ರೂಮಿನೋರು ನಾಯಿ ಬ್ಯಾಡ ಅಂದ್ರು. ಹೊಸ ಜಾಗ್ದಲ್ಲಿ ಬಾಳೋ ವಯಸ್ಸು ಅದಕ್ಕೆ ಮುಗ್ದೋಯ್ತು, ನಂಗೂ ಗೊತ್ತು." ಟೈಗರಿನ ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡಳು. "ಒಂದೇ ಒಂದು ಮಾತು ಕೇಳ್ತೀನಿ ಅಮ್ನೋರೇ. ನಾನು ಮೂಳೆ ಹೂತಿದ್ದು ನೀವು ಕಣ್ಣಾರ ಕಂಡ್ರಾ? ಕಂಡೆ ಅನ್ನಿ, ಸುಮ್ಕೆ ಗಾಡಿ ಹತ್ತೀನಿ."

ಬೀಗದ ಕೈ ಬಿಸಿಯಾಗಿತ್ತು. ಓಬಳಮ್ಮ ಎಷ್ಟು ಹೊತ್ತಿನಿಂದ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳೋ.

ಅದೇ ಹೊತ್ತಿಗೆ ನಂದೀಶ್ವರಯ್ಯನವರು ಸ್ನಾನ ಮುಗಿಸಿ, ಮಡಿಪಂಚೆ ಉಟ್ಟು, ಬಿದಿರಿನ ಹೂಬುಟ್ಟಿ ಹಿಡಿದು ಹಿತ್ತಲಿಗೆ ಬಂದರು. ಯಾರ ಕಡೆಯೂ ನೋಡದೆ ಕಣಗಿಲೆಯ ಕೊಂಬೆಗೆ ಕೈ ಚಾಚಿದರು.

"ಕೀಳಬೇಡಿ!" ಎಂದಳು ಜಗದಾಂಬ.

ಅಷ್ಟು ಜೋರಾಗಿ ಅವಳು ಗಂಡನ ಮುಂದೆ ಎಂದೂ ಕೂಗಿರಲಿಲ್ಲ. ಲಕ್ಷ್ಮೀಪತಿ ಹಗ್ಗ ಹಿಡಿದು ಹಾಗೇ ನಿಂತ.

"ಆ ಹೂವು ಬೇಡ. ಮೂಳೆ ಹಾಕಿದ್ದು ನಾನು. ಓಬಳಮ್ಮ ಅಲ್ಲ, ನಾನು. ಯುಗಾದಿ ಆದ ವಾರದಿಂದ. ಗೊಬ್ಬರ ಅಂತ ತಂದೆ, ಬೂದಿ ಅಂದ್ಕೊಂಡೆ. ದನದ ಮೂಳೆ ಪುಡಿ ಅಂತೆ. ಸೋಮವಾರದಿಂದ ಗೊತ್ತು ನನಗೆ. ಹೇಳಲಿಲ್ಲ."

ನಂದೀಶ್ವರಯ್ಯನವರ ಕೈ ಕೊಂಬೆಯಿಂದ ಮೆಲ್ಲಗೆ ಕೆಳಗಿಳಿಯಿತು. ಅಂಗೈಯನ್ನು ಒಮ್ಮೆ ನೋಡಿಕೊಂಡರು. "ಯುಗಾದಿಯಿಂದ" ಎಂದರು. ಅಷ್ಟೇ. ಬುಟ್ಟಿಯನ್ನು ಬಾವಿಕಟ್ಟೆಯ ಮೇಲಿಟ್ಟು, ನಲ್ಲಿಯ ಬಳಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕೈ ತೊಳೆಯತೊಡಗಿದರು.

ಮೊದಲು ಸದ್ದು ಹೊರಟದ್ದು ಓಬಳಮ್ಮನಿಂದ. ಅಳುತ್ತಾಳೆ ಎಂದು ಜಗದಾಂಬ ಹೆದರಿದಳು. ಅವಳು ನಗುತ್ತಿದ್ದಳು, ಸೆರಗು ಬಾಯಿಗಿಟ್ಟುಕೊಂಡು, ಮೈಯೆಲ್ಲ ಕುಲುಕುವಂತೆ.

"ಅಲ್ಲಾ ಅಮ್ನೋರೇ! ಹತ್ತೊರ್ಷ ನಾನು ನಾಲ್ಗೆ ಕಟ್ಕಂಡು ಸೊಪ್ಪು ತಿಂದೆ. ನೀವು ನಿಮ್ ಶಿವಂಗೇ ಮೂಳೆ ಸಾರು ಕುಡಿಸ್ಬುಟ್ರಲ್ಲ!"

ಲಕ್ಷ್ಮೀಪತಿ ಮುಖ ಆಚೆ ತಿರುಗಿಸಿ ಕೆಮ್ಮಿದ. ಗೌರೀಶ ಕೆಂಪಾಗಿ, "ಆಯ್ತು, ಆಯ್ತು, ಗೊತ್ತಿಲ್ಲದೆ ಆಗಿದ್ದು. ಸಾಮಾನು ಇಳಿಸಪ್ಪ ಲಕ್ಷ್ಮೀಪತಿ" ಎಂದ.

"ಇಳಿಸ್ಬ್ಯಾಡ!" ಓಬಳಮ್ಮನ ನಗು ನಿಂತಿತು. ಕಣ್ಣು ಒರೆಸಿಕೊಂಡು ಟ್ರಂಕಿನ ಮೇಲೆ ಕೂತಳು. "ಹಂಗ್ ಹತ್ತು ಅಂದ್ರೆ ಹತ್ತಾಕೆ, ಇಳಿ ಅಂದ್ರೆ ಇಳ್ಯಾಕೆ ನಾನೇನು ಮೂಟೆಯಾ? ನೀವು ನನ್ ಡಬ್ಬಿ ನೋಡಿದ್ರಲ್ಲ ಅಮ್ನೋರೇ, ಆವತ್ತು. ಆ ನೋಟ ನಂಗೆ ಮರೆಯಾಕಾಗಲ್ಲ."

"ತಪ್ಪಾಯ್ತು ಓಬಳಮ್ಮ" ಎಂದಳು ಜಗದಾಂಬ. "ನಿನ್ನ ನಾಯಿ ಸರಪಳಿಗೆ ದಾರ ಕಟ್ಟಿದ್ದೂ ನಾನೇ. ಇರು. ಹೋಗಬೇಡ."

"ಇರ್ಬೇಕು ಅಂದ್ರೆ ನಂದೂ ಒಂದು ಷರತ್ತು. ನನ್ ತಮ್ಮ ಬಂದ ದಿನ ನನ್ ಮನೇಲಿ ಕೋಳಿ ಸಾರು ಬೇಯ್ತದೆ. ವಾಸ್ನೆ ಬಂದ್ರೆ ನೀವು ಕಿಟಕಿ ಹಾಕ್ಕಳಿ."

ಗೌರೀಶ ಬಾಯಿ ತೆರೆದ. ಜಗದಾಂಬ ಕೈಯೆತ್ತಿ ತಡೆದಳು. ಹತ್ತು ವರ್ಷ ಈ ಹೆಂಗಸು ನುಂಗಿದ ಮಾತುಗಳನ್ನು ಅವಳು ಒಂದೂ ಕೇಳಿಸಿಕೊಂಡಿರಲಿಲ್ಲ. ಆದರೂ ಬಾಯಿಗೆ ಬಂದದ್ದು ಚೌಕಾಸಿ. "ಯಾವತ್ತು?"

"ಭಾನ್ವಾರ."

"ಭಾನುವಾರ ಬೇಡ ಕಣೇ. ಮಾರನೇ ದಿನ ಸೋಮವಾರ. ಬುಧವಾರ ಮಾಡ್ಕೋ."

"ಬುಧ್ವಾರ ನನ್ ತಮ್ಮಂಗೆ ನಿಮ್ಮಪ್ಪ ರಜ ಕೊಡ್ತಾನಾ? ಅವ್ನಿಗೆ ರಜ ಇರೋದೇ ಭಾನ್ವಾರ ಕಣಮ್ಮ."

ಜಗದಾಂಬ ನಲ್ಲಿಯ ಕಡೆ ತಿರುಗಿದಳು. ನೀರು ಇನ್ನೂ ಸುರಿಯುತ್ತಲೇ ಇತ್ತು. ನಂದೀಶ್ವರಯ್ಯನವರು ಈಚೆ ತಿರುಗದೆ, ಕೈ ಉಜ್ಜುವುದನ್ನು ನಿಲ್ಲಿಸದೆ ಹೇಳಿದರು.

"ಭಾನುವಾರ ನಾನು ಬೇಗ ಪೂಜೆಗೆ ಕೂರ್ತೀನಿ. ಎಂಟರ ಮೇಲೆ ಒಲೆ ಹಚ್ಚಲಿ."

ಲಕ್ಷ್ಮೀಪತಿ ಹಗ್ಗದ ತುದಿ ಅಲ್ಲಾಡಿಸಿ ಕೇಳಿದ. "ಈಗೇನಮ್ಮಾ ಓಬಳಮ್ಮಾ, ಬಿಗೀಲಾ, ಬಿಚ್ಲಾ? ನಂಗೆ ಇನ್ನೊಂದು ಬಾಡಿಗೆ ಐತೆ."

ಓಬಳಮ್ಮ ಟ್ರಂಕಿನಿಂದ ಎದ್ದಳು.

"ಬಿಚ್ಚು. ಮೊದ್ಲು ಒಲೆ ಇಳ್ಸು."